ಮಳೆಗಾಲದಲ್ಲಿ ಎಸಿ ಹಾಕಬಾರದೇ? ತೇವ ತೆಗೆಯಲೆಂದೇ ಎಸಿ ಮಾಡಿದ ವಿಲ್ಲಿಸ್ ಕ್ಯಾರಿಯರ್ ಕಥೆ ಓದಿ

ಏಪ್ರಿಲ್, ಮೇ ತಿಂಗಳ ಬಿಸಿಲು ತಾಳಲಾರದೆ ಹೊಸಪೇಟೆ, ಕಂಪ್ಲಿ ಕಡೆಯ ಎಷ್ಟೋ ಮನೆಗಳಿಗೆ ಎಸಿ ಬಂದಿದೆ. ಆದರೆ ಮಳೆ ಶುರುವಾದೊಡನೆ ಅನುಮಾನವೂ ಶುರು. ಹೊರಗಿನ ಯೂನಿಟ್ ಮೇಲೆ ನೀರು ಬಿದ್ದರೆ ಕೆಟ್ಟುಹೋಗುತ್ತದೆಯೇ? ಶಾಕ್ ಹೊಡೆಯುತ್ತದೆಯೇ? ತೇವದ ಗಾಳಿಯಲ್ಲಿ ಎಸಿ ಹಾಕಿದರೆ ರೋಗ ಬರುತ್ತದೆಯೇ?

ಚುಟುಕಾಗಿ ಹೇಳುವುದಾದರೆ, ಮಳೆ ಬರುವಾಗ ಎಸಿ ಹಾಕಬಹುದು. ಅಪಾಯ ಇರುವುದು ಸಿಡಿಲಿನಲ್ಲಿ, ನಿಂತ ನೀರಿನಲ್ಲಿ ಮತ್ತು ಸರಿಯಿಲ್ಲದ ವೈರಿಂಗ್‌ನಲ್ಲಿ. ಇದು ಅರ್ಥವಾಗಬೇಕಾದರೆ ಈ ಯಂತ್ರವನ್ನು ಮಾಡಿದವನ ಬದುಕನ್ನೇ ಒಮ್ಮೆ ನೋಡಬೇಕು. ಅವನು ಹೊರಟದ್ದು ಮನುಷ್ಯರನ್ನು ತಂಪಾಗಿಡಲು ಅಲ್ಲ, ಗಾಳಿಯ ತೇವ ತೆಗೆಯಲು!

ಸೇಬಿನಿಂದ ಲೆಕ್ಕ ಕಲಿತ ಹುಡುಗ

ವಿಲ್ಲಿಸ್ ಹ್ಯಾವಿಲೆಂಡ್ ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಂಗೋಲಾ ಎಂಬ ಊರಿನ ರೈತ ಮನೆಯಲ್ಲಿ. ಭಿನ್ನರಾಶಿ ಲೆಕ್ಕ ತಲೆಗೆ ಹತ್ತದಿದ್ದಾಗ ತಾಯಿ ಸೇಬುಗಳನ್ನು ಅರ್ಧ, ಕಾಲು, ಅರೆಕಾಲು ಎಂದು ಕತ್ತರಿಸಿ ಕಲಿಸಿದರು. ದೊಡ್ಡ ಸಮಸ್ಯೆಯನ್ನು ತುಂಡು ಮಾಡಿ ನೋಡುವ ಅಭ್ಯಾಸ ಅಲ್ಲಿಂದಲೇ ಬಂತು. ಅವನಿಗೆ 11 ವರ್ಷವಾದಾಗ ಆ ತಾಯಿ ತೀರಿಕೊಂಡರು.

ಕಷ್ಟಪಟ್ಟು ಓದಿ, 1901ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಎಂಜಿನಿಯರ್ ಆಗಿ ಹೊರಬಂದ. ಬಫಲೋ ಫೋರ್ಜ್ ಎಂಬ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸಂಬಳ ವಾರಕ್ಕೆ 10 ಡಾಲರ್.

ಪ್ರೆಸ್ಸಿನಲ್ಲಿ ಉಬ್ಬಿದ ಕಾಗದ

ಮರುವರ್ಷ, ಅಂದರೆ 1902ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದ ಸಮಸ್ಯೆ ಅವನ ಮೇಜಿಗೆ ಬಂತು. ಆಗ ಬಣ್ಣದ ಚಿತ್ರ ಅಚ್ಚಾಗಬೇಕಾದರೆ ಒಂದೊಂದು ಬಣ್ಣಕ್ಕೂ ಕಾಗದ ಮತ್ತೆ ಮತ್ತೆ ಯಂತ್ರಕ್ಕೆ ಹೋಗಬೇಕಿತ್ತು. ತೇವದ ದಿನಗಳಲ್ಲಿ ಕಾಗದ ನೀರಿನಂಶ ಹೀರಿ ಉಬ್ಬುತ್ತಿತ್ತು, ಒಣ ದಿನಗಳಲ್ಲಿ ಕುಗ್ಗುತ್ತಿತ್ತು. ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುತ್ತಲೇ ಇರಲಿಲ್ಲ.

ನಮ್ಮಲ್ಲೂ ಇದು ಹೊಸದಲ್ಲ. ಮಳೆಗಾಲದಲ್ಲಿ ಡಬ್ಬಿಯ ಬೆಲ್ಲ ನೀರೊಡೆಯುತ್ತದೆ, ಉಪ್ಪು ಒದ್ದೆಯಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಮರದ ಬಾಗಿಲು ಉಬ್ಬಿ ಹಾಕಲು ಬರುವುದಿಲ್ಲ. ಕಾರಣ ಒಂದೇ, ಗಾಳಿಯಲ್ಲಿನ ತೇವ.

25 ವರ್ಷದ ಕ್ಯಾರಿಯರ್ ಗಾಳಿಯನ್ನು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸುವ ಏರ್ಪಾಟು ಮಾಡಿದ. ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರುವಂತೆ, ಗಾಳಿಯ ತೇವ ಕೊಳವೆಗಳ ಮೇಲೆ ಹನಿಯಾಗಿ ಇಳಿಯಿತು. ವರ್ಷವಿಡೀ ಗಾಳಿಯ ತೇವಾಂಶವನ್ನು 55 ಶೇಕಡಾದಲ್ಲಿ ಇಡುವುದು ಗುರಿ. ಆ ನಕ್ಷೆಯ ಮೇಲಿರುವ ದಿನಾಂಕ 1902ರ ಜುಲೈ 17. ಅದನ್ನೇ ಆಧುನಿಕ ಎಸಿಯ ಹುಟ್ಟುಹಬ್ಬ ಎನ್ನುತ್ತಾರೆ. ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿದದ್ದೂ ಅದೇ 1902ರಲ್ಲಿ.

ಮಂಜಿನಲ್ಲಿ ಹೊಳೆದ ಉತ್ತರ

ಮಳೆಗಾಲದ ಬೆಳಿಗ್ಗೆ ಸಂಡೂರಿನ ಬೆಟ್ಟಗಳ ಮೇಲೆ ಮಂಜು ಇಳಿಯುವುದನ್ನು ನೀವು ನೋಡಿರಬಹುದು. ಅಂಥದೇ ಮಂಜು ಕವಿದಿದ್ದ ಪಿಟ್ಸ್‌ಬರ್ಗ್ ರೈಲು ನಿಲ್ದಾಣದಲ್ಲಿ ನಿಂತಿದ್ದಾಗ ಕ್ಯಾರಿಯರ್‌ಗೆ ಮುಂದಿನ ದಾರಿ ಹೊಳೆಯಿತು. ಮಂಜು ಎಂದರೆ ಇನ್ನು ಒಂದು ಹನಿಯನ್ನೂ ಹಿಡಿದಿಟ್ಟುಕೊಳ್ಳಲಾಗದಷ್ಟು ತೇವ ತುಂಬಿದ ಗಾಳಿ. ಆದರೆ ಗಾಳಿ ತಣ್ಣಗಿದ್ದಷ್ಟೂ ಅದು ಹಿಡಿಯುವ ನೀರು ಕಡಿಮೆ. ಹಾಗಾದರೆ ತಣ್ಣೀರಿನ ತುಂತುರಿನ ನಡುವೆ ಗಾಳಿಯನ್ನು ಹಾಯಿಸಿ, ಕೃತಕ ಮಂಜು ಮಾಡಿ, ನೀರಿನ ತಂಪನ್ನು ಹೆಚ್ಚುಕಡಿಮೆ ಮಾಡಿದರೆ ಗಾಳಿಯಲ್ಲಿ ಎಷ್ಟು ತೇವ ಉಳಿಯಬೇಕೆಂಬುದನ್ನು ನಾವೇ ತೀರ್ಮಾನಿಸಬಹುದು.

ನೀರು ಸಿಂಪಡಿಸಿ ಗಾಳಿಯನ್ನು ಒಣಗಿಸುವುದು! ಕೇಳಿದವರಿಗೆ ಇದು ತಲೆಕೆಳಗಾದ ಮಾತು ಅನ್ನಿಸಿತು. ಆದರೆ 1906ರ ಜನವರಿಯಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. 1911ರಲ್ಲಿ ಉಷ್ಣತೆ ಮತ್ತು ತೇವದ ಸಂಬಂಧದ ಸೂತ್ರಗಳನ್ನು ಎಂಜಿನಿಯರ್‌ಗಳ ಸಭೆಯ ಮುಂದಿಟ್ಟ. ಈ ವಿದ್ಯೆಗೆ ಇಂದಿಗೂ ಅದೇ ತಳಹದಿ.

ಗಿರಣಿಯಿಂದ ಸಿನಿಮಾ ಮಂದಿರಕ್ಕೆ

ಮೊದಲ ಗಿರಾಕಿಗಳೆಲ್ಲ ಹತ್ತಿ ಗಿರಣಿಯಂಥ ಕಾರ್ಖಾನೆಗಳು. ಮೊದಲ ಮಹಾಯುದ್ಧ ಶುರುವಾದಾಗ ಬಫಲೋ ಫೋರ್ಜ್ ಈ ವಿಭಾಗವನ್ನೇ ಕೈಬಿಟ್ಟಿತು. ಕ್ಯಾರಿಯರ್ ಮತ್ತು ಆರು ಜನ ಗೆಳೆಯರು 32,600 ಡಾಲರ್ ಕೂಡಿಸಿ 1915ರಲ್ಲಿ ಸ್ವಂತ ಕಂಪನಿ ಕಟ್ಟಿದರು. 1922ರಲ್ಲಿ ಅವನು ತಯಾರಿಸಿದ ಹೊಸ ಶೀತಲ ಯಂತ್ರ ಜನ ಸೇರುವ ಜಾಗಗಳಿಗೂ ಒಪ್ಪುವಂತಿತ್ತು. 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರಕ್ಕೆ ಅದು ಬಂದ ಮೇಲೆ ಜನಸಾಮಾನ್ಯರಿಗೆ ಎಸಿಯ ರುಚಿ ಹತ್ತಿತು. ಮನೆಮನೆಗೆ ಎಸಿ ಬರುವ ಕಾಲವನ್ನು ಪೂರ್ತಿ ನೋಡುವ ಮೊದಲೇ, 1950ರ ಅಕ್ಟೋಬರ್ 7ರಂದು, 73ನೇ ವಯಸ್ಸಿನಲ್ಲಿ ಕ್ಯಾರಿಯರ್ ತೀರಿಕೊಂಡ.

ಹಾಗಾದರೆ ನಮ್ಮ ಮನೆಯ ಎಸಿ?

ಹೊಸಪೇಟೆಯ ಬೇಸಿಗೆಯ ಒಣ ಗಾಳಿಯಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ನೀರು ಬೇಗ ಆರುತ್ತದೆ. ಮಳೆಗಾಲದಲ್ಲಿ ಅದೇ ಕೂಲರ್ ಕೋಣೆಗೆ ಇನ್ನಷ್ಟು ತೇವ ತುಂಬುತ್ತದೆ, ಬೆವರು ಆರದೆ ಮೈ ಅಂಟುತ್ತದೆ. ಎಸಿ ಮಾಡುವುದು ಇದರ ತದ್ವಿರುದ್ಧ ಕೆಲಸ. ಅದರ ಪೈಪಿನಿಂದ ತೊಟ್ಟಿಕ್ಕುವ ನೀರು ನಿಮ್ಮ ಕೋಣೆಯ ಗಾಳಿಯಲ್ಲಿದ್ದ ತೇವವೇ. ಅದು ಗ್ಯಾಸ್ ಸೋರಿಕೆಯಲ್ಲ. ಗಿಡಕ್ಕೆ ಹಾಕಬಹುದು, ಕುಡಿಯಬೇಡಿ.

ಮಳೆಗಾಲದಲ್ಲಿ ಇಷ್ಟು ಪಾಲಿಸಿ:

• ಔಟ್‌ಡೋರ್ ಯೂನಿಟ್ ಮಳೆಗೆ ನೆನೆಯಲೆಂದೇ ತಯಾರಾಗಿರುತ್ತದೆ. ಎಸಿ ಓಡುವಾಗ ಅದಕ್ಕೆ ಪ್ಲಾಸ್ಟಿಕ್ ಸುತ್ತಬೇಡಿ. ಬಿಸಿ ಹೊರಹೋಗದೆ ಯಂತ್ರ ಹಾಳಾಗುತ್ತದೆ.

• ರಿಮೋಟಿನಲ್ಲಿ ನೀರಿನ ಹನಿಯ ಗುರುತಿರುವ ಡ್ರೈ ಮೋಡ್ ಬಳಸಿ. ಹೆಚ್ಚು ತಂಪು ಮಾಡದೆ ತೇವ ತೆಗೆಯುತ್ತದೆ.

• ಗುಡುಗು ಸಿಡಿಲು ಹತ್ತಿರವಿದ್ದರೆ, ಅದು ಜೋರಾಗುವ ಮೊದಲೇ ಎಸಿ ನಿಲ್ಲಿಸಿ ಎಂಸಿಬಿ ಇಳಿಸಿ. ಸ್ಟೆಬಿಲೈಸರ್ ಸಿಡಿಲಿನಿಂದ ಕಾಪಾಡುವುದಿಲ್ಲ.

• ಕರೆಂಟ್ ಹೋಗಿ ಬಂದರೆ ನಾಲ್ಕೈದು ನಿಮಿಷ ಬಿಟ್ಟು ಎಸಿ ಹಾಕಿ.

• ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ಮಳೆಗೆ ಮೊದಲೇ ನೋಡಿಸಿ. ಸೋರಿಕೆಯಾದಾಗ ತಾನೇ ಕರೆಂಟ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ ಜೀವ ಉಳಿಯುತ್ತದೆ. ಎಕ್ಸ್‌ಟೆನ್ಶನ್ ಬೋರ್ಡಿನಿಂದ ಎಸಿ ಓಡಿಸಲೇಬೇಡಿ.

• ಫಿಲ್ಟರನ್ನು ಎರಡು ವಾರಕ್ಕೊಮ್ಮೆ ತೊಳೆದು ಒಣಗಿಸಿ. ರೋಗ ಬರುವುದು ಮಳೆಯಿಂದಲ್ಲ, ಫಿಲ್ಟರ್ ಮತ್ತು ನೀರಿನ ಪೈಪಿನಲ್ಲಿ ಬೆಳೆಯುವ ಬೂಷ್ಟಿನಿಂದ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುತ್ತದೆ, ಹಂಪಿಯ ಪುರಂದರ ಮಂಟಪದೊಳಗೂ ಹೊಳೆ ನುಗ್ಗುತ್ತದೆ. ತಗ್ಗಿನ ಮನೆಯಲ್ಲಿದ್ದವರು ನೀರು ಬರುವ ಮೊದಲೇ ಮೇನ್ ಸ್ವಿಚ್ ಇಳಿಸಬೇಕು. ನೀರು ಬಂದ ಮೇಲೆ ಒದ್ದೆ ನೆಲದಲ್ಲಿ ನಿಂತು ಸ್ವಿಚ್ ಮುಟ್ಟಬಾರದು, ಜೆಸ್ಕಾಂಗೆ ತಿಳಿಸಿ ಲೈನ್ ತೆಗೆಸಬೇಕು. ಮುಳುಗಿದ್ದ ಔಟ್‌ಡೋರ್ ಯೂನಿಟ್ ಹೊರಗೆ ಒಣಗಿದಂತೆ ಕಂಡರೂ ಮೆಕ್ಯಾನಿಕ್ ಬಿಚ್ಚಿ ನೋಡುವ ತನಕ ಹಾಕಬೇಡಿ.

ಮೇಲಿನಿಂದ ಸುರಿಯುವ ಮಳೆಯನ್ನು ಎಸಿ ತಾಳುತ್ತದೆ, ಕೆಳಗಿನಿಂದ ಏರುವ ನೀರನ್ನು ತಾಳುವುದಿಲ್ಲ. ಎಸಿ ಬಗ್ಗೆ ಮುಂದಿನ ಫಾರ್ವರ್ಡ್ ಬಂದಾಗ ಈ ಒಂದು ಮಾತನ್ನು ಮನೆಯವರಿಗೂ ಹೇಳಿ.