ಮಲ್ಲಿಕಾರ್ಜುನ ಮನ್ಸೂರ: ನಾಟಕ ಕಂಪನಿಯಿಂದ ಡಾಕ್ಯುಮೆಂಟರಿವರೆಗೆ

ಯಾಪಲದಿನ್ನಿ: ಅಮೆರಿಕದ ಬ್ಲೂಸ್ ಹಾಡುಗಾರರ ಡಾಕ್ಯುಮೆಂಟರಿ ಟಿವಿಯಾಗ ಬರ್ತಾವ. ನಮ್ಮವರದೂ ಒಂದೈತಿ ನೋಡ್ರಿ.

ಪಂ. ಮಲ್ಲಿಕಾರ್ಜುನ ಮನ್ಸೂರ ಹುಟ್ಟಿದ್ದು 1910ರ ಡಿಸೆಂಬರ್ 31ರಂದು, ಧಾರವಾಡ ಹತ್ರದ ಮನ್ಸೂರಿನಲ್ಲಿ. ಹುಡುಗನಿದ್ದಾಗಲೇ ನಾಟಕ ಕಂಪನಿ ಸೇರಿದ್ರು. ಅಲ್ಲಿ ಇವರ ದನಿ ಕೇಳಿ ಮೆಚ್ಚಿದ ನೀಲಕಂಠಬುವಾ ಮಿರಜಕ್ಕೆ ಕರ್ಕೊಂಡು ಹೋಗಿ ಕಲಿಸಿದರು. ಆಮೇಲೆ ಜೈಪುರ ಘರಾಣೆಯ ಮಂಜಿಖಾನರು ಗುರುವಾದರು. 1937ರಲ್ಲಿ ಅವರು ತೀರಿಕೊಂಡ್ರು, ಕಲಿಕೆ ಅರ್ಧಕ್ಕೆ ನಿಂತಿತು. ಮನ್ಸೂರರು ಬಿಡಲಿಲ್ಲ. ಗುರುವಿನ ತಮ್ಮ ಬುರ್ಜಿಖಾನರ ಮುಂದೆ ಮತ್ತೆ ಶಿಷ್ಯರಾಗಿ ಕೂತರು. ಅಪರೂಪದ ರಾಗಗಳ ಗಂಟು ಸಿಕ್ಕಿದ್ದು ಹೀಗೆ.

ದೊಡ್ಡ ಮನ್ನಣೆ ಮಾತ್ರ ತಡ ಆಯ್ತು. ಪದ್ಮಶ್ರೀ ಬಂದಾಗ 1970, ವಯಸ್ಸು ಅರವತ್ತರ ಹೊಸ್ತಿಲು. 1992ರಲ್ಲಿ ಪದ್ಮವಿಭೂಷಣ, ಅದೇ ವರ್ಷ ಸೆಪ್ಟೆಂಬರ್ 12ರಂದು ನಿಧನ. ನಂದನ್ ಕುಧ್ಯಾಡಿ ಇವರ ಮೇಲೆ ತೆಗೆದ ‘ರಸಯಾತ್ರಾ’ಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ನೋಡಾಕ ಅವರೇ ಇರಲಿಲ್ಲ.