ಸುರುಳಿ ನೀಹಾರಿಕೆಯನ್ನು ಕಂಡ ಲಾರ್ಡ್ ರಾಸ್

ಸಪ್ತರ್ಷಿಮಂಡಲದ ಬಾಲದ ತುದಿಯಲ್ಲಿ ಹೊಳೆಯುವ ಮರೀಚಿ ನಕ್ಷತ್ರದ ಸಮೀಪದಲ್ಲಿ, ಬರಿಗಣ್ಣಿಗೆ ಗೋಚರಿಸದ ಮಸುಕಾದ ಬೆಳಕಿನ ತುಣುಕೊಂದಿದೆ. ಫ್ರಾನ್ಸಿನ ಖಗೋಳಜ್ಞ ಚಾರ್ಲ್ಸ್ ಮೆಸ್ಸಿಯೆ ಅವರು 1773ರಲ್ಲಿ ಅದನ್ನು ಗುರುತಿಸಿ, ತಮ್ಮ ಪಟ್ಟಿಯಲ್ಲಿ 51ನೆಯದಾಗಿ ಸೇರಿಸಿದರು. ಆ ಮಸುಕಿನೊಳಗೆ ಅಡಗಿದ್ದ ಆಕೃತಿಯನ್ನು ಮೊದಲು ಕಂಡ ಕೀರ್ತಿ ಲಾರ್ಡ್ ರಾಸ್ ಎಂದು ಪ್ರಸಿದ್ಧರಾದ ವಿಲಿಯಂ ಪಾರ್ಸನ್ಸ್ ಅವರಿಗೆ ಸಲ್ಲುತ್ತದೆ.

1800ರ ಜೂನ್ 17ರಂದು ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಜನಿಸಿದ ಇವರು ಐರ್ಲೆಂಡಿನ ಬರ್ ಕೋಟೆಯ ಶ್ರೀಮಂತ ಮನೆತನದ ಕುಡಿ. ಡಬ್ಲಿನ್ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ವಿದ್ಯಾಭ್ಯಾಸ ಮಾಡಿ ಗಣಿತದಲ್ಲಿ ಪಾರಂಗತರಾದರು. 1834ರಲ್ಲಿ ಸಂಸತ್ತಿನ ಸದಸ್ಯತ್ವವನ್ನು ತೊರೆದ ಮೇಲೆ ದೂರದರ್ಶಕಗಳ ನಿರ್ಮಾಣವೇ ಅವರ ಮುಖ್ಯ ಸಾಧನೆಯಾಯಿತು. ಪತ್ನಿ ಮೇರಿ ಅವರ ಸಂಪತ್ತೂ ಸಹಕಾರವೂ ಈ ಕಾರ್ಯಕ್ಕೆ ಬೆಂಬಲವಾಗಿ ನಿಂತವು.

ಭಾರಿ ದರ್ಪಣ ಮಾಡುವ ಬಗೆಯನ್ನು ತಿಳಿಸಿಕೊಡುವವರು ಆಗ ಯಾರೂ ಇರಲಿಲ್ಲ. ಲಾರ್ಡ್ ರಾಸ್ ತಮ್ಮ ಜಮೀನಿನ ಕೂಲಿಕಾರರಿಗೇ ತರಬೇತಿ ಕೊಟ್ಟು, ಕೋಟೆಯ ಆವರಣದಲ್ಲಿಯೇ ಕುಲುಮೆಗಳನ್ನು ಕಟ್ಟಿಸಿದರು. ತಾಮ್ರ ಮತ್ತು ತವರಗಳನ್ನು ಕರಗಿಸಿ 1842ರಲ್ಲಿ ಎರಕ ಹೊಯ್ದರು. ಈ ಮಿಶ್ರಲೋಹ ಗಾಜಿನಂತೆ ಪೆಡಸು. ತಣಿಯುವಾಗ ತುಸು ಅವಸರವಾದರೂ ಸೀಳುವುದು. ಕೆಲವು ಎರಕಗಳು ಹಾಗೆಯೇ ವ್ಯರ್ಥವಾದವು. ಆದರೂ ಧೃತಿಗೆಡದೆ, 1.8 ಮೀಟರ್ ವ್ಯಾಸದ, ಸುಮಾರು ಮೂರು ಟನ್ ತೂಕದ ದರ್ಪಣವನ್ನು ಸಿದ್ಧಗೊಳಿಸಿದರು. ತಾವು ಕಂಡುಕೊಂಡ ವಿಧಾನಗಳನ್ನು ಬಚ್ಚಿಡದೆ ಪ್ರಕಟಿಸಿದ್ದು ಅವರ ಹಿರಿಮೆ.

1845ರ ವಸಂತದಲ್ಲಿ ಈ ಮಹಾಯಂತ್ರ ಮೆಸ್ಸಿಯೆ ಪಟ್ಟಿಯ 51ನೆಯ ನೀಹಾರಿಕೆಯತ್ತ ತಿರುಗಿತು. ಬೆಳಕಿನ ತೋಳುಗಳು ನಡುವಿನ ತಿರುಳನ್ನು ಬಳಸಿ ಸುರುಳಿಯಾಗಿ ಹರಡಿರುವುದನ್ನು ಕಂಡ ಲಾರ್ಡ್ ರಾಸ್, ಛಾಯಾಗ್ರಹಣದ ನೆರವಿಲ್ಲದ ಆ ದಿನಗಳಲ್ಲಿ ಅದನ್ನು ಕೈಯಾರೆ ಚಿತ್ರಿಸಿದರು.

ಅದೇ ವರ್ಷ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಐರ್ಲೆಂಡಿನಲ್ಲಿ ಘೋರ ಕ್ಷಾಮ ತಲೆದೋರಿತು. ಜಗತ್ತಿನಲ್ಲಿಯೇ ಅತಿ ದೊಡ್ಡದಾದ ದೂರದರ್ಶಕ ಅಂಗಳದಲ್ಲಿ ಸಿದ್ಧವಾಗಿ ನಿಂತಿರಲು, ಅದರ ಒಡೆಯರು ವೀಕ್ಷಣೆಯನ್ನು ಬದಿಗಿಟ್ಟು ಹಸಿದವರ ಪರಿಹಾರಕಾರ್ಯಕ್ಕೆ ತೊಡಗಿದರು. ಆಕಾಶದ ಕೆಲಸ ಕಾಯಬಹುದಿತ್ತು, ಹಸಿವು ಕಾಯುವಂತಿರಲಿಲ್ಲ. ಬಳಿಕ ವೀಕ್ಷಣೆ ಪುನರಾರಂಭಗೊಂಡು, ಇನ್ನೂ ಅನೇಕ ಸುರುಳಿಗಳು ಪತ್ತೆಯಾದವು. 1848ರಿಂದ 1854ರವರೆಗೆ ಅವರು ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು.

ಲಾರ್ಡ್ ರಾಸ್ 1867ರ ಅಕ್ಟೋಬರ್ 31ರಂದು ನಿಧನ ಹೊಂದಿದರು. ತಾವು ಕಂಡದ್ದರ ಪೂರ್ಣ ಅರ್ಥ ಅವರಿಗೆ ತಿಳಿಯಲಿಲ್ಲ. ಸುರುಳಿ ನೀಹಾರಿಕೆಗಳು ನಮ್ಮ ಆಕಾಶಗಂಗೆಯ ಹೊರಗಿನ ಬೇರೆಯೇ ನಕ್ಷತ್ರಲೋಕಗಳೆಂಬುದು, 1920ರ ದಶಕದಲ್ಲಿ ಎಡ್ವಿನ್ ಹಬಲ್ ಅವರು ಆಂಡ್ರೊಮಿಡಾ ಸುರುಳಿಯ ದೂರವನ್ನು ಅಳೆದ ಮೇಲೆ ಸಿದ್ಧವಾಯಿತು. ಲಾರ್ಡ್ ರಾಸ್ ಚಿತ್ರಿಸಿದ ಸುರುಳಿಯ ಬೆಳಕು ಎರಡು ಕೋಟಿ ವರ್ಷಗಳಿಗೂ ಮಿಕ್ಕಿ ಪಯಣಿಸಿ ಅವರ ಕಣ್ಣನ್ನು ಸೇರಿತ್ತೆಂದು ಇಂದು ನಾವು ಬಲ್ಲೆವು. ಅವರು ನೆಟ್ಟ ಸಸಿಯ ಫಲವನ್ನು ಉಂಡವರು ಮುಂದಿನ ಪೀಳಿಗೆಯವರು. ಸಂಪತ್ತನ್ನೂ ದುಡಿಮೆಯನ್ನೂ ವಿದ್ಯೆಗೆ ಮುಡಿಪಿಟ್ಟವರ ಬಾಳಿಗೆ ಇದಕ್ಕಿಂತ ಹಿರಿದಾದ ಸಾರ್ಥಕತೆ ಬೇರೇನಿದ್ದೀತು?