ಅಂಧರ ಬಾಳಿಗೆ ಬೆಳಕಾದ ಗಾನಯೋಗಿ

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನವರು ಹುಟ್ಟು ಅಂಧರು. ಸಹೋದರ ಗುರುಬಸಯ್ಯನವರಿಗೂ ದೃಷ್ಟಿಯಿರಲಿಲ್ಲ. ಕಣ್ಣಿಲ್ಲದವರಿಗೆ ಭಿಕ್ಷೆಯೇ ಗತಿಯೆಂದು ಲೋಕ ನಂಬಿದ್ದ ಕಾಲವದು. ಈ ಬಾಲಕರ ಕಂಠಸಿರಿಯನ್ನು ಗುರುತಿಸಿದವರು ಹಾನಗಲ್ಲ ಕುಮಾರ ಶಿವಯೋಗಿಗಳು. ಪೂಜ್ಯರು ಮರುಕ ತೋರಿ ಸುಮ್ಮನಾಗದೆ ವಿದ್ಯೆಯ ದಾರಿಯನ್ನೇ ತೆರೆದರು. ಗದಿಗೆಯ್ಯನವರು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ ನೀಲಕಂಠಬುವಾ ಮಿರಜಕರರಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತು, ಪಂಚಾಕ್ಷರ ಗವಾಯಿಗಳೆಂದು ನಾಡಿಗೆ ಬೆಳಕಾದರು.

ಗುರುವಿನಿಂದ ಪಡೆದುದನ್ನು ಅವರು ತಮಗಾಗಿ ಉಳಿಸಿಕೊಳ್ಳಲಿಲ್ಲ. ಅಂಧ, ಅನಾಥ ಮಕ್ಕಳನ್ನು ಕೂಡಿಕೊಂಡು ಊರೂರು ಸಂಚರಿಸುತ್ತಲೇ ಪಾಠ ಹೇಳಿದರು. ಓದಲಾಗದ ಮಕ್ಕಳಿಗೆ ಕಿವಿಯೇ ಗ್ರಂಥವಾಯಿತು. ಗುರು ಹಾಡಿದುದನ್ನು ಕೇಳಿ, ಮರಳಿ ಹಾಡಿ, ವಾದ್ಯವನ್ನು ಬೆರಳುಗಳಿಂದಲೇ ಅರಿತು ಅವರು ವಿದ್ವಾಂಸರಾದರು. ಅನ್ನ, ಆಶ್ರಯ, ಅರಿವು ಮೂರೂ ಒಂದೆಡೆ ದೊರೆತವು. ಕಲಿತ ವಿದ್ಯೆಯೇ ಕಾಯಕವಾಯಿತು. ಈ ಸಂಚಾರಿ ಗುರುಕುಲವು 1942ರಲ್ಲಿ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಬಳಿಕ, ಅವರ ಅಂಧ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಆ ದಾಸೋಹವನ್ನು ನಡೆಸಿದರು.

ಮಗುವನ್ನು ಪಾಠಕ್ಕೆ ಹೊಂದಿಸುವುದಲ್ಲ, ಪಾಠವನ್ನು ಮಗುವಿಗೆ ಹೊಂದಿಸುವುದೇ ಗುರುಧರ್ಮವೆಂಬುದು ಅವರ ಬಾಳಿನ ಸಂದೇಶ. ನಿಗದಿತ ಪ್ರಮಾಣದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು 2016ರ ಕಾಯ್ದೆ ಇಂದು ನೀಡಿದೆ. ಗೌರಿಬಿದನೂರು ಸೀಮೆಯ ಸದ್ಭಕ್ತರು ಅಂಥ ಮಗುವನ್ನು ಪೂರ್ವಕರ್ಮದ ಫಲವೆಂದು ಮನೆಯ ಮೂಲೆಯಲ್ಲಿ ಕೂರಿಸದೆ, ಸಮೀಪದ ಶಾಲೆಯಲ್ಲಿ ಅಥವಾ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಬೇಕು. ಆ ಮಗುವಿನ ಕೈಹಿಡಿದು ಶಾಲೆಯ ಬಾಗಿಲವರೆಗೆ ನಡೆಸುವುದೂ ಶಿವಪೂಜೆಯೇ.